ಒಂದು ಕೋವಿ, ಎರಡು ಮಣಿ

ಬೆಸುಗೆ ಹಾಕುವವನ ಮುಂದೆ ಜನ ಕೋವಿಯೊಂದನ್ನೇ ತಂದಿಡುವುದಿಲ್ಲ. ಅದರ ಹಿಂದೆಯೇ ಮನೆಯ ಸಮಾಚಾರವೂ ಬಂದು ಕೂರುತ್ತದೆ. ಶಿರಸಿಯಲ್ಲಿ ನನ್ನದು ಕೋವಿ ರಿಪೇರಿಯ ಸಣ್ಣ ಅಂಗಡಿ. ಬರುವುದೆಲ್ಲ ಬೆಳೆ ಕಾಯಲು ಲೈಸನ್ಸ್ ಪಡೆದವರ ಕೇಪಿನ ಕೋವಿಗಳು; ನಳಿಗೆಯ ಬಾಯಿಂದ ಮಸಿ, ಅಂದರೆ ಮದ್ದಿನ ಪುಡಿ, ತುಂಬಿ, ಗಜದ ಸರಳಿನಲ್ಲಿ ಜಡಿದು ಹೊಡೆಯುವಂಥವು. ಗಜ ಸಿಕ್ಕಿಸುವ ಬಳೆಯೋ, ಗುರಿ ನೋಡುವ ಮಣಿಯೋ ಕಳಚಿದರೆ ಮತ್ತೆ ಕೂರಿಸಿ ಕೊಡುತ್ತೇನೆ. ಕೆಲಸ ಇಷ್ಟೇ. ಅವಾಂತರ ಮಾತ್ರ ನಿಂತದ್ದಿಲ್ಲ.

ನಂಬಿಕೆಯ ಪ್ರಶ್ನೆ

ಬೆಂಕಿಗೆ ಹಿಡಿಯುವ ಮೊದಲು ನಳಿಗೆಯೊಳಗೆ ಗಜ ಇಳಿಸಿ, ಈಡು ಇದೆಯೋ ಇಲ್ಲವೋ ನೋಡುವುದು ನನ್ನ ಪದ್ಧತಿ. ಹೆಗ್ಗರಣೆ ಕಡೆಯ ಹೆಗಡೆಯವರೊಬ್ಬರಿಗೆ ಇದು ಅವಮಾನವೆನಿಸಿತು. ಖಾಲಿ ಎಂದು ತಾವು ಬಾಯಿಬಿಟ್ಟು ಹೇಳಿದ ಮೇಲೂ ಪರೀಕ್ಷೆಯೇ ಎಂದರು. ನಾನು ಗಜ ಇಳಿಸಿದೆ. ತಳ ಮುಟ್ಟಲು ನಾಲ್ಕು ಬೆರಳು ಇರುವಾಗಲೇ ಅದು ನಿಂತಿತು.

ತಲೆಯೆತ್ತಿ ನೋಡಿದರೆ ಹೆಗಡೆಯವರು ರಸ್ತೆಯ ಆಚೆ, ಚಾ ಅಂಗಡಿಯ ಕಂಬದ ಹಿಂದೆ ಇದ್ದರು. ಅಲ್ಲಿಂದಲೇ ಹೇಳಿದರು: "ತಮ್ಮ ತುಂಬಿಟ್ಟಿರಬೇಕು ಆಚಾರ್ರೇ. ನಾನು ನನ್ನ ಮಟ್ಟಿಗೆ ಮಾತ್ರ ಹೇಳಿದ್ದು."

ಮಣಿಯ ಓಡಾಟ

ಈ ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಒಬ್ಬರೂ ದನಿ ಎತ್ತರಿಸಿರಲಿಲ್ಲವಂತೆ. ತೋಟ ಎರಡು ಪಾಲಾಯಿತು, ಒಲೆ ಎರಡಾಯಿತು, ಕೋವಿ ಮಾತ್ರ ಇಬ್ಬರಿಗೂ ಒಂದೇ ಉಳಿಯಿತು. ಲೈಸನ್ಸಿನಲ್ಲೂ ಇಬ್ಬರ ಹೆಸರಿತ್ತು. ಇಷ್ಟು ಚೆನ್ನಾಗಿ ನಡೆದ ಸಂಬಂಧ ಯಾವ ಸಣ್ಣ ಕಾರಣಕ್ಕೆ ಕೆಡುತ್ತದೋ ಎಂಬ ಹೆದರಿಕೆಯೂ ಇಬ್ಬರಿಗೂ ಸಮನಾಗಿತ್ತು.

ಈಡು ಖಾಲಿ ಮಾಡಿಕೊಂಡು ಮರುದಿನ ಬಂದ ಅಣ್ಣ ಹೆಗಡೆಯವರು, ಕೋವಿ ಬಲಕ್ಕೆ ಎಳೆಯುತ್ತದೆ ಎಂದರು. ಏಟು ಗುರಿಯಿಂದ ಬಲಕ್ಕೆ ಹೋದರೆ ಮಣಿಯನ್ನು ಬಲಕ್ಕೇ ಸರಿಸಬೇಕು. ಹಳೆಯ ಬೆಸುಗೆ ಕರಗಿಸಿ, ಅರದಲ್ಲಿ ಉಜ್ಜಿ, ತವರ ಹಿಡಿಯಲೆಂದು ನವಸಾಗರ ತಿಕ್ಕಿ, ಒಂದು ನೂಲಿನಷ್ಟು ಸರಿಸಿ ಕೂರಿಸಿದೆ. ಹೋಗುವಾಗ ಅವರು ತಗ್ಗಿದ ದನಿಯಲ್ಲಿ, "ತಮ್ಮನಿಗೆ ಗೊತ್ತಾಗೋದು ಬೇಡ. ಸುಮ್ನೆ ಮನಸ್ತಾಪ" ಎಂದರು.

ಹದಿನೈದು ದಿನಕ್ಕೆ ತಮ್ಮ ಬಂದರು. ಅದೇ ಕೋವಿ, ಈಗ ಎಡಕ್ಕೆ ಎಳೆಯುತ್ತದಂತೆ. ಸರಿಸಿ ಕೊಟ್ಟೆ. ಅಣ್ಣನಿಗೆ ಹೇಳಬೇಡಿ ಎಂದು ಅವರೂ ಕೇಳಿಕೊಂಡರು. ಹೀಗೆ ಮಣಿ ಆಚೆ ಈಚೆ ನಾಲ್ಕು ಸಲ ಓಡಾಡಿತು. ಐದನೆಯ ಸಲ ನನಗೆ ತಲೆ ಕೆಟ್ಟು, ಎಡಕ್ಕೊಂದು ಬಲಕ್ಕೊಂದು ಎರಡು ಮಣಿ ಕೂರಿಸಿಬಿಟ್ಟೆ. ಯಾರ ಮಣಿ ಯಾವುದೆಂದು ಅವರವರಿಗೆ ಬೇರೆಬೇರೆಯಾಗಿ ತೋರಿಸಿದೆ. ಇನ್ನೊಂದು ಯಾಕೆ ಎಂದು ಇಬ್ಬರೂ ಕೇಳಿದರು. ಅಲಂಕಾರಕ್ಕೆ ಎಂದೆ. ಇಬ್ಬರೂ ನಂಬಿದರು.

ಠಾಣೆಯ ಪುಸ್ತಕ

ಚುನಾವಣೆ ಬಂದರೆ ಕೋವಿಗಳನ್ನೆಲ್ಲ ಠಾಣೆಯಲ್ಲಿಡಬೇಕು. ಅಲ್ಲಿನ ರೈಟರು ಹಾವೇರಿ ಕಡೆಯವರು, ಬಲು ಕಟ್ಟುನಿಟ್ಟು. ಹೆಗಡೆಯವರ ಕೋವಿಯ ಗುರುತು ಬರೆಯುವ ಕಡೆ 'ಮಣಿ ಎರಡು' ಎಂದು ಬರೆದುಕೊಂಡಿದ್ದರು. ಬಿಡಿಸಿಕೊಳ್ಳುವ ದಿನ ನೋಡಿದರೆ ಒಂದು ಮಣಿ ಉದುರಿ ಎಲ್ಲೋ ಹೋಗಿತ್ತು. ರೈಟರು ಕೋವಿ ಕೊಡಲು ಒಪ್ಪಲಿಲ್ಲ. ಅತ್ತ ಎರಡೂ ತೋಟಕ್ಕೆ ಮಂಗಗಳು ನುಗ್ಗಿದ್ದವು. ಅಣ್ಣತಮ್ಮಂದಿರು ನನ್ನನ್ನೇ ಕರೆದುಕೊಂಡು ಹೋದರು.

ಒಂದೇ ಮಣಿ ಸಾಕು, ಬರೆದದ್ದನ್ನು ತಿದ್ದಿಬಿಡಿ ಎಂದೆ ನಾನು.

"ಎರಡು ತಗೊಂಡೀವ್ರಿ, ಎರಡು ಕೊಡ್ತೀವಿ" ಎಂದರು ರೈಟರು. "ಒಂದು ಕೊಟ್ರ ಇನ್ನೊಂದು ಪೊಲೀಸ್ರು ನುಂಗಿದಂಗ ಆಗ್ತೈತಿ."

ಜಗುಲಿಯ ಬೆಸುಗೆ

ಸರಿ, ಠಾಣೆಯ ಜಗುಲಿಯಲ್ಲೇ ಸ್ಟೋವ್ ಹಚ್ಚಿದೆ. ಇಬ್ಬರೂ ಎದುರಿಗೇ ಇದ್ದುದರಿಂದ ಗುಟ್ಟು ಉಳಿಯುವಂತಿರಲಿಲ್ಲ. ಅಣ್ಣನಿಗೆ ಬಲಕ್ಕೆ, ತಮ್ಮನಿಗೆ ಎಡಕ್ಕೆ ಎಳೆಯುತ್ತದೆ ಎಂದು ಇಬ್ಬರ ಮುಂದೆಯೂ ಹೇಳಿಬಿಟ್ಟೆ. ಗುಂಡು ಎಷ್ಟು ತಪ್ಪುತ್ತದೆಂದು ನೀವೇ ಸರಿಯಾಗಿ ತಿಳಿಸಿ, ಒಂದೇ ಸಲ ಮುಗಿಸೋಣ ಎಂದೆ.

ಅಣ್ಣ ತಮ್ಮನ ಮುಖ ನೋಡಿದರು. ತಮ್ಮ ನೆಲ ನೋಡಿದರು.

"ಗುಂಡು ಯಾರು ಹಾಕ್ತಾರೆ?" ಎಂದರು ಅಣ್ಣ ಮೆಲ್ಲಗೆ. "ಮಂಗನಿಗೆ ಗುಂಡು ಹೊಡೆಯೋದುಂಟಾ? ಬರೀ ಮಸಿ, ಕಾಗದ. ಸದ್ದು ಆದ್ರೆ ಸಾಕು."

ತಾವೂ ಅಷ್ಟೇ ಮಾಡುವುದೆಂದರು ತಮ್ಮ. ಗುಂಡೇ ಇಲ್ಲದ ಮೇಲೆ ಎಡಕ್ಕೂ ಬಲಕ್ಕೂ ಎಳೆಯುವುದಾದರೂ ಏನು ಎಂದು ಕೇಳಿದೆ. ಅಣ್ಣ ನನ್ನನ್ನು ಬಿಟ್ಟು ತಮ್ಮನ ಕಡೆ ತಿರುಗಿ, ಮನೆಮಾತಿಗೆ ಇಳಿದರು.

"ಆನು ಈಡು ಹೊಡೆದ್ರೆ ಮಂಗ ಎಲ್ಲ ಬಲಕ್ಕೆ, ನಿನ್ನ ತೋಟಕ್ಕೇ ಓಡ್ತು. ನಿಂಗೆ ಬೇಜಾರಾಗ್ತು ಹೇಳಿ ಮಣಿ ಸರಿಸಿದ್ದು. ನೆಟ್ಟಗೆ ಬೆಟ್ಟಕ್ಕೆ ಓಡ್ಲಿ ಹೇಳಿ."

"ಆನು ಹೊಡೆದ್ರೆ ಎಡಕ್ಕೆ, ನಿನ್ನ ತೋಟಕ್ಕೆ ಓಡ್ತು ಅಣ್ಣ" ಎಂದರು ತಮ್ಮ. "ಎಂಗೂ ಅದೇ ಹೆದ್ರಿಕೆ."

ನನಗೆ ನಗು ತಡೆಯಲಾಗಲಿಲ್ಲ, ಕಣ್ಣೂ ತುಂಬಿ ಬಂತು. ಅಷ್ಟರಲ್ಲಿ ತವರ ಕರಗಿ ಸಿದ್ಧವಾಗಿತ್ತು. ಹಾಗಾದರೆ ಈ ಮಣಿಯನ್ನು ಎಲ್ಲಿ ಕೂರಿಸಲಿ ಎಂದು ಕೇಳಿದೆ.

ಒಳಗಿಂದ ರೈಟರು ಪುಸ್ತಕದಿಂದ ತಲೆಯೆತ್ತದೆ ಹೇಳಿದರು: "ಮಂಗ್ಯಾಗೋಳಿಗೆ ಕಾಣೋಹಂಗ ಕೂಡಸ್ರಿ ಆಚಾರ್ರ. ನೋಡ್ಕೊಂಡು ಬೆಟ್ಟದ ಕಡೆ ಹೋಗ್ಲಿ."