ಪರದೆಯ ತಳದಿಂದ ಏಳುವ ಚೌಕದವರಿಗೆ, ಒಂದು ಕೋಟಿನ ವಿಷಯವಾಗಿ

‘ಆ್ಯಪ್‌ನಲ್ಲಿ ತೆರೆಯಿರಿ’ ಎಂಬ ಚೌಕದವರ ಸನ್ನಿಧಿಗೆ,

ಮಾನ್ಯರೇ,

ಯಾವ ಜಾಲತಾಣದ ಬಾಗಿಲು ತಟ್ಟಿದರೂ ಒಳಗಿನವರಿಗಿಂತ ಮೊದಲು ಎದ್ದು ಬಂದು, ಅರ್ಧ ಪರದೆಯನ್ನು ತಮ್ಮ ಮೈಯಿಂದಲೇ ಮುಚ್ಚಿ ನಿಂತು ನಮ್ಮ ಅನುಕೂಲ ವಿಚಾರಿಸುವ ತಮಗೆ, ಹೊಲಿಗೆ ತರಬೇತಿ ಕೇಂದ್ರದ ಟೀಚರ್ ಆದ ನಾನು ಮಾಡುವ ಅನಂತ ನಮಸ್ಕಾರಗಳು. ಅಂಗಡಿಯ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ, ಯಂತ್ರಗಳ ಸದ್ದಿನ ನಡುವೆ ಮಕ್ಕಳಿಗೆ ಕತ್ತರಿ ಹಿಡಿಯುವುದನ್ನು ಕಲಿಸುತ್ತಾ ಬಂದಿರುವ ನನಗೆ ಇಷ್ಟು ಬಲವಂತದ ಉಪಚಾರ ಬೇರೆಲ್ಲೂ ದೊರೆತಿಲ್ಲ.

ತಮ್ಮ ಕುಲದ ಮೇಲೆ ನನಗೆ ದ್ವೇಷವಿಲ್ಲವೆಂಬುದನ್ನು ಮೊದಲೇ ನಿವೇದಿಸಿಕೊಳ್ಳುತ್ತೇನೆ. ದಿನವೂ ಬೇಕಾಗುವ ಕೆಲಸಕ್ಕೆ ಆ್ಯಪ್ ಒಳ್ಳೆಯದೇ. ನನ್ನ ಬಸ್ಸಿನ ಆ್ಯಪ್ ನೆಟ್‌ವರ್ಕ್ ಇಲ್ಲದಾಗಲೂ ವೇಳಾಪಟ್ಟಿ ತೋರಿಸುತ್ತದೆ, ನಾನು ಇಳಿಯುವ ನಿಲ್ದಾಣವನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದೆ. ಆದರೆ ಎಂದೋ ಒಮ್ಮೆ ಬೀಳುವ ಕೆಲಸಕ್ಕೆ ಜಾಲತಾಣವೇ ಲೇಸು. ಅದು ಹೊಸಿಲಲ್ಲೇ ನಿಂತು ಮಾತು ಮುಗಿಸಿ ಹೊರಡುವ ನೆಂಟ. ಆ್ಯಪಾದರೋ ಟ್ರಂಕು ಸಮೇತ ಬಂದಿಳಿದು, ಮನೆಯವರ ಹಾಸಿಗೆ ಸರಿಸಿ, ನಿಮ್ಮ ಪರಿಚಯದವರು ಯಾರ್ಯಾರು ಎಂದು ಕೇಳುವ ನೆಂಟ. ಜಾಗವಿರುವ ಮನೆಗೆ ಅವನೂ ಬರಲಿ. ನಮ್ಮ ಸೂಜಿಮಲ್ಲಿಗೆಯ ಫೋನಿನಲ್ಲಿ ಜಾಗವಿರಲಿಲ್ಲ.

ಸೂಜಿಮಲ್ಲಿಗೆ ನನ್ನ ವಿದ್ಯಾರ್ಥಿನಿ. ಸೂಜಿಯಷ್ಟು ತೆಳ್ಳಗಿದ್ದಾಳೆಂದು ಗೆಳತಿಯರು ಇಟ್ಟ ಹೆಸರದು. ಅಮ್ಮ ಮಗಳಿಬ್ಬರಿಗೂ ಇರುವುದು ಒಂದೇ ಹಳೆಯ ಫೋನು. ಕೋಟು ಹೊಲಿಯುವ ಪರೀಕ್ಷೆಗೆ ಹೆಸರು ನೋಂದಾಯಿಸಲು ಕಳೆದ ಶನಿವಾರವೇ ಕೊನೆಯ ದಿನ. ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು, ಕೆಲಸಕ್ಕೆ ಕರೆದಿರುವ ಉಡುಪಿನ ಅಂಗಡಿ ಅಷ್ಟು ದಿನ ಕಾಯುವುದಿಲ್ಲ. ಬೆಳಿಗ್ಗೆಯೇ ಪರೀಕ್ಷಾ ಮಂಡಳಿಯ ಜಾಲತಾಣ ತೆರೆದು ಎಲ್ಲವನ್ನೂ ತುಂಬಿ, ಇನ್ನೇನು ‘ಮುಂದೆ’ ಒತ್ತಬೇಕು, ಅಷ್ಟರಲ್ಲಿ ತಾವು ದಯಮಾಡಿಸಿ, ‘ಇನ್ನೂ ಸುಲಭವಾದ ಅನುಭವಕ್ಕಾಗಿ’ ಎನ್ನುತ್ತಾ ಸರಿಯಾಗಿ ಆ ಗುಂಡಿಯ ಮೇಲೆಯೇ ಆಸೀನರಾದಿರಿ. “ಟೀಚರ್, ಸುಲಭ ಅಂತೆ!” ಎಂದು ಹುಡುಗಿ ಹಿಗ್ಗಿದಳು. ದೊಡ್ಡವರ ಮಾತನ್ನು ನಂಬುವ ವಯಸ್ಸು, ಮಾನ್ಯರೇ.

ಮೂಗಿಗಿಂತ ಮೂಗುತಿ ಭಾರ ಎಂಬಂತೆ ತಮ್ಮ ಆ್ಯಪ್ ಆ ಫೋನಿಗೆ ಹಿಡಿಸಲಿಲ್ಲ. ಅಮ್ಮನದನ್ನು ಅಳಿಸುವಂತಿಲ್ಲವೆಂದು ಅವಳು ತನ್ನದೇ ಫೋಟೋಗಳನ್ನು ಅಳಿಸಿ, ಅಳಿಸಿದ್ದು ಬೀಳುವ ಬುಟ್ಟಿಯನ್ನೂ ಬರಿದುಮಾಡಿ ತಮ್ಮನ್ನು ಒಳಗೆ ಕರೆದಳು. ತಾವು ಅವಳು ಎಲ್ಲಿದ್ದಾಳೆ, ಯಾರ್ಯಾರ ನಂಬರು ಇಟ್ಟುಕೊಂಡಿದ್ದಾಳೆ ಎಂದು ವಿಚಾರಿಸಿ ತೃಪ್ತರಾದ ಬಳಿಕ ಕೇಳಿದ್ದು ಒಂದನ್ನೇ: ‘ನಿಮ್ಮ ಕೋಟು ಹೊಲಿದ ಹಂತಗಳ ಫೋಟೋ ಸೇರಿಸಿ.’ ತಮಗೆ ಜಾಗ ಬಿಡಲು ಅವಳು ಅಳಿಸಿದ್ದು ಅವನ್ನೇ.

ಕೋಟಿನ ಒಳಗುಟ್ಟು ತಮಗೆ ತಿಳಿದಿರಲಾರದು. ಎದೆಯ ಕ್ಯಾನ್ವಾಸು, ಭುಜದ ಪ್ಯಾಡು, ಅವನ್ನು ಹಿಡಿದ ಕೈಹೊಲಿಗೆ, ಕೋಟಿನ ಅಸಲಿ ಕಸುಬೆಲ್ಲ ಲೈನಿಂಗಿನ ಹಿಂದೆ ಮುಚ್ಚಿಹೋಗಿರುತ್ತದೆ. ಮುಗಿದು ಇಸ್ತ್ರಿಯಾಗಿ ಹ್ಯಾಂಗರಿನಲ್ಲಿ ತೂಗುತ್ತಿದ್ದ ಕೋಟನ್ನು ಹುಡುಗಿ ಮೇಜಿನ ಮೇಲೆ ಹಾಸಿ, “ಬಿಚ್ಚಿಬಿಡ್ಲಾ ಟೀಚರ್?” ಎಂದಳು. ಪಕ್ಕದ ಯಂತ್ರದವಳು, “ತಲೆ ಕೆಟ್ಟಿದ್ಯೇನೇ ನಿಂಗೆ! ಎಂಥಾ ಕೋಟು ಅದು!” ಎಂದು ಕೂಗಿಕೊಂಡಳು. “ಕೋಟು ತಾನೇ, ಹೊಲಿದಿದ್ದು ನಾನೇ ಅಲ್ವಾ” ಎಂದವಳೇ ಕತ್ತರಿಯ ತುದಿಯಿಂದ ಲೈನಿಂಗಿನ ಮೊದಲ ಹೊಲಿಗೆ ಎತ್ತಿದಳು.

ಬಿಚ್ಚುತ್ತಾ ಬಿಚ್ಚುತ್ತಾ ಒಂದೊಂದು ಹಂತದಲ್ಲೂ ಫೋಟೋ ತೆಗೆದಳು. ಕೂಗಿಕೊಂಡವಳೇ ದೀಪ ಹಿಡಿದಳು. ಕಡೆಗೆ ಬಿಡಿಬಟ್ಟೆಯಾಗಿ ಹರಡಿದ್ದ ಕೋಟಿನ ಕೊನೆಯ ಫೋಟೋವನ್ನು ಮೊದಲಿಟ್ಟು, ಮೊದಲನೆಯದನ್ನು ಕೊನೆಗಿಟ್ಟು ಜೋಡಿಸಿದಳು. ಕೆಲಸ ಅವಳದೇ, ಅದು ನಡೆದ ದಿಕ್ಕು ಮಾತ್ರ ತಮ್ಮ ಕೃಪೆ. ಆಗ ತಾವು, ಅಷ್ಟರಲ್ಲೇ ಬಂದ ಹೊಸ ಆವೃತ್ತಿ ಹಾಕಿಕೊಳ್ಳದ ಹೊರತು ಫೋಟೋ ಸ್ವೀಕರಿಸಲಾಗದು, ಅದಕ್ಕೆ ಜಾಗ ಸಾಲದು, ಒಂದಿಷ್ಟು ಫೋಟೋ ಅಳಿಸಿ ಎಂದು ಸಲಹೆಯಿತ್ತಿರಿ. ಅಳಿಸಿದಳು, ಮಾನ್ಯರೇ, ಈ ಸಲ ತಮ್ಮ ಆ್ಯಪನ್ನು. ಮತ್ತೆ ಜಾಲತಾಣಕ್ಕೆ ಹೋಗಿ, ತಾವು ಎದ್ದ ಕೂಡಲೇ ತಮ್ಮ ಮೂಲೆಯಲ್ಲಿ ಸಾಸಿವೆಯಷ್ಟಿರುವ, ತಮ್ಮನ್ನು ಮುಚ್ಚುವ ಗುಣಿಸು ಚಿಹ್ನೆಯನ್ನು ಕಿರುಬೆರಳ ತುದಿಯಿಂದ ಒತ್ತಿದಳು. ನಮ್ಮ ಕೋಣೆಯಲ್ಲಿ ಅದನ್ನು ಗುರಿತಪ್ಪದೆ ಮುಟ್ಟಬಲ್ಲ ಬೆರಳು ಅದೊಂದೇ. ಸಂಜೆಗೆ ಮುಂಚೆಯೇ ಜಾಲತಾಣ ಫೋಟೋಗಳನ್ನು ಸ್ವೀಕರಿಸಿ, ಪರೀಕ್ಷೆಗೆ ಹೆಸರು ಬರೆದುಕೊಂಡಿತು. ಯಾರ ನಂಬರನ್ನೂ ಕೇಳಲಿಲ್ಲ.

ಇಷ್ಟಾದರೂ ತಾವು ತಿದ್ದಿಕೊಳ್ಳುವ ವಯಸ್ಸಿನವರೆಂಬ ಭರವಸೆಯಿಂದ, ಎಲ್ಲ ಮಕ್ಕಳಿಗೂ ಮೊದಲ ದಿನ ಹೇಳುವುದನ್ನೇ ತಮಗೂ ಹೇಳುತ್ತೇನೆ: ಮೈ ನೋಡಿ ಬಟ್ಟೆ ಕತ್ತರಿಸಬೇಕು, ಬಟ್ಟೆ ನೋಡಿ ಮೈಯನ್ನಲ್ಲ. ಬಿಡುವಾದಾಗ ನಮ್ಮ ತರಗತಿಗೆ ಬಂದು ಟೇಪು ಹಿಡಿದು ಒಂದು ಹಳೆಯ ಫೋನಿನ ಅಳತೆ ತೆಗೆಯುವುದನ್ನು ಕಲಿಯಬೇಕೆಂದೂ, ಬರುವಾಗ ಬಾಗಿಲಿಗೆ ಅಡ್ಡ ನಿಲ್ಲದೆ ಬದಿಯ ಬೆಂಚಿನಲ್ಲಿ ಕೂರಬೇಕೆಂದೂ ಪ್ರಾರ್ಥಿಸುತ್ತೇನೆ. ಕೋಟು ಮತ್ತೆ ಯಂತ್ರಕ್ಕೇರಿದೆ. ಎರಡನೆಯ ಸಲಕ್ಕೆ ಅದರ ಭುಜ ಮೊದಲಿಗಿಂತ ಚೆನ್ನಾಗಿ ಕೂತಿದೆ. ಆ ಶ್ರೇಯಸ್ಸನ್ನು ತಮಗೆ ಕೊಡಲು ಸೂಜಿಮಲ್ಲಿಗೆ ಒಪ್ಪುತ್ತಿಲ್ಲ, ನಾನೂ ಒತ್ತಾಯಿಸಿಲ್ಲ.

ತಮ್ಮನ್ನು ಮುಚ್ಚಿಯೇ ಮುಂದೆ ಸಾಗುವ,
ತಮ್ಮ ವಿಶ್ವಾಸಿ,
ಮಹಡಿಯ ಹೊಲಿಗೆ ಟೀಚರ್

ತಾ.ಕ.: ಇದರೊಂದಿಗೆ ಒಂದು ತುಂಡು ಬಟ್ಟೆಯನ್ನೂ ಕೋಟಿನ ಒಂದು ಗುಂಡಿಯನ್ನೂ ಇಟ್ಟಿದ್ದೇನೆ. ಬಟ್ಟೆಯಲ್ಲಿ ಸೂಜಿಮಲ್ಲಿಗೆ ತನ್ನ ಕೈಯಾರೆ, ತಮ್ಮ ಮೂಲೆಯ ಆ ಚಿಹ್ನೆಯ ಅಳತೆಗೆ ಸರಿಯಾಗಿ, ಗುಂಡಿ ತೂರುವ ಒಂದು ಕಾಜಾ ಹೊಲಿದಿದ್ದಾಳೆ. ಆ ಗುಂಡಿಯನ್ನು ಈ ಕಾಜಾದಲ್ಲಿ ತೂರಿಸಿ ತೋರಿಸಿದ ದಿನ, ನಮ್ಮ ತರಗತಿಯವರೆಲ್ಲ ತಮ್ಮ ಆ್ಯಪ್ ಹಾಕಿಕೊಳ್ಳುತ್ತೇವೆ.