ಪ್ರಭಂಜನನ ಸೈಟು

ಹೊಸಪೇಟೆಯಲ್ಲಿ ಅದಿರಿನ ಕೆಂಪು ಧೂಳಿಗೂ ಬೆಲೆ ಬಂದಿದ್ದ ಕಾಲದಲ್ಲಿ ಲಾರಿ ಆಫೀಸಿನ ಗುಮಾಸ್ತ ಪ್ರಭಂಜನ ಬೆಲೆಯಿಲ್ಲದ ಒಂದೇ ಕೆಲಸ ಹಿಡಿದಿದ್ದ: ಬ್ಲಾಗು. ದೂರದ ದೇಶದಲ್ಲಿ ಯಾವ ವೆಬ್ ಕಂಪನಿ ಹುಟ್ಟಿತು, ಯಾವುದನ್ನು ಯಾರು ನುಂಗಿದರು ಎಂದು ಬರೆದು, ನುಂಗಿದವರಿಗೆ ಅಜೀರ್ಣವಾಗಲೆಂದು ಹಾರೈಸುತ್ತಿದ್ದ. ಓದುತ್ತಿದ್ದವಳು ತಂಗಿ ಅಪೇಕ್ಷಾ ಒಬ್ಬಳೇ. ಪ್ರತಿ ಬರಹದ ಕೆಳಗೂ ಅವಳ ಕಾಮೆಂಟು: "ಅಣ್ಣಾ, ಒಂದಕ್ಷರ ತಿಳೀಲಿಲ್ಲ. ಆದ್ರ ಭಾಳ ಚಂದದ." ಹೋದ ವರ್ಷ ಜ್ವರ ಬಂದು ಅವಳು ತೀರಿಕೊಂಡ ಮೇಲೆ, ಅವನು ಹೊಸದು ಬರೆಯುವುದಕ್ಕಿಂತ ಆ ಕಾಮೆಂಟುಗಳನ್ನು ಓದುವುದೇ ಹೆಚ್ಚಾಗಿತ್ತು.

ಅಂದು ಮೂರು ಗಂಟೆಗೆ ಚಿತ್ತವಾಡ್ಗಿಯ ಸೈಬರ್ ಸೆಂಟರ್ ನಡೆಸುವ ಮುರುಗೇಶನ ಫೋನು.

"ಪ್ರಭಂಜನ್ರೀ, ನಿಮ್ಮ ಬ್ಲಾಗಿನ ಕಂಪನೀನ ಯಾರೋ ಕೊಂಡಾರಂತ. ಇವತ್ತು ಐದಕ್ಕ ಎಲ್ಲಾ ಅಳಿಸ್ತಾರಂತ!"

ಈ ಸಲ ನುಂಗಿದ್ದು ಅವನನ್ನೇ. "ಅಯ್ಯೋ, ನನ್ನ ಸೈಟ್ ಹೋತು! ಹೆಂಗರ ಮಾಡಿ ಉಳಿಸ್ರೀ. ಅದರಾಗ ನನ್ನ ತಂಗಿ..."

ಅಷ್ಟರಲ್ಲಿ ಮಾಲೀಕ ಉಚ್ಚೆಂಗಪ್ಪ ರಿಸೀವರ್ ಕಸಿದು ಕುಕ್ಕಿದ. ಲಾರಿಗಿಂತ ಸೈಟುಗಳ ಮೇಲೇ ಜೀವ ಇಟ್ಟವನು ಆತ.

"ಸತ್ತ ತಂಗಿ ಸೈಟೂ ಬಿಡಂಗಿಲ್ಲೇನು? ಯಾವನ್ಲೇ ಅಂವ? ಏಳ್ರಿ ಪ್ರಭಂಜನಾಚಾರ್ರ, ಜಲ್ದಿ ಜೀಪ್ ಹತ್ರಿ!"

"ಸಾಹುಕಾರ್ರ, ಅದು ವೆಬ್‌ಸೈಟ್ರೀ..."

"ವೆಬ್? ಅದ್ಯಾವ ಲೇಔಟ್ರೀ? ಮಲಪನಗುಡಿ ಕಡೇದು ಇರಬೇಕು."

"ಇಲ್ರೀ, ಸರ್ವರ್ ಅಮೆರಿಕಾದಾಗದ!"

"ಸರ್ವೆ ನಂಬರ್ ಅಮೆರಿಕಾದಾಗ? ಹಂಗಾರ ಭಾರೀ ಕುಳಾನೇ ಅಂವ!" ಎನ್ನುತ್ತ ಉಚ್ಚೆಂಗಪ್ಪ ಅವನ ರಟ್ಟೆ ಹಿಡಿದು ಜೀಪಿಗೆ ದಬ್ಬಿದ.

ಮಲಪನಗುಡಿ ದಾರಿಯಲ್ಲಿ ಅದಿರಿನ ಲಾರಿಗಳ ನಡುವೆ ಜೀಪು, ಗಂಟಲಿಗೆ ಅಡ್ಡ ಸಿಕ್ಕ ಖಡಕ್ ರೊಟ್ಟಿಯಂತೆ ನಿಂತುಬಿಟ್ಟಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ನಾಲ್ಕೂವರೆಗೆ ಪ್ರಭಂಜನ ಧುಮುಕಿ ಊರ ಕಡೆ ಓಡಿದ.

"ಅತ್ತಾಗ ಎಲ್ಲಿಗ್ರೀ? ಸೈಟ್ ಇತ್ತಾಗ!" ಎಂದು ಉಚ್ಚೆಂಗಪ್ಪ ಕೂಗುತ್ತಲೇ ಇದ್ದ.

ಸೈಬರ್ ಮುಟ್ಟಿದಾಗ ಐದೂ ಇಪ್ಪತ್ತು. ಅಂಗಿ ಕೆಂಪು, ಕಣ್ಣು ಅದಕ್ಕಿಂತ ಕೆಂಪು. ಪರದೆಯ ಮೇಲೆ ಬರೀ ಬಿಳಿ ಪುಟ, ಇಂಗ್ಲಿಷಿನಲ್ಲಿ ಎರಡು ಸಾಲು ವಿದಾಯದ ನಮಸ್ಕಾರ.

"ಕುಂದ್ರಿ, ಕುಂದ್ರಿ," ಮುರುಗೇಶ ಒಂದು ಸಿ.ಡಿ. ಎತ್ತಿ ತೋರಿಸಿದ. "ಗಿರಾಕಿಗಳ್ನೆಲ್ಲಾ ಎಬ್ಬಿಸಿ ಕಳಿಸಿ ಇದೊಂದ ಕೆಲಸ ಮಾಡೀನಿ. ಮುನ್ನೂರಾ ಹನ್ನೆರಡು ಬರಹ, ಒಂದೂ ಬಿಟ್ಟಿಲ್ಲ!"

ಪ್ರಭಂಜನ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟ. ಕಣ್ಣೊರೆಸಿಕೊಂಡು ಸಿ.ಡಿ. ಹಾಕಿ ಮೊದಲ ಬರಹ ತೆರೆದ. ಕೆಳಗೆ ಸರಿಸಿದ. ಎರಡನೆಯದನ್ನು ತೆರೆದ. ಹತ್ತನೆಯದನ್ನು. ಮತ್ತೆ ಕೆಳಗೆ ಸರಿಸಿದ.

"ಕೆಳಗ ಏನ್ ಹುಡುಕ್ತೀರಿ?" ಮುರುಗೇಶ ಹೆಮ್ಮೆಯಿಂದ ನಕ್ಕ. "ಯಾವಾಕಿನೋ ಒಬ್ಬಾಕಿ ಎಲ್ಲಾದರ ಬುಡಕ್ಕೂ ಅದನ್ನ ಇದನ್ನ ಗೀಚಿದ್ಲು. ನಿಮ್ಮ ಮರ್ಯಾದಿ ಪ್ರಶ್ನೆ ನೋಡ್ರಿ. ಕುಂತು ಒಂದೊಂದಾ ತೆಗೆದು ಸ್ವಚ್ಛ ಮಾಡೀನಿ."

ಪ್ರಭಂಜನ ಸಿ.ಡಿ.ಯನ್ನು ಹೊರತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಭಾಳ ಉಪಕಾರ ಆತ್ರೀ," ಎಂದ.