ಶಂಕ್ರೆಪ್ಪ ತೋರಿಸಿದ ಹಳೇ ಮುಂಬಯಿ

"ಮುಂಬಯಿ ಅಂದ್ರ ನನಗ ಅಂಗೈ ಇದ್ದಂಗ" ಎಂದು ಶಂಕ್ರೆಪ್ಪ ಫೋನಿನಲ್ಲಿ ಅಂದದ್ದೇ ತಪ್ಪಾಯಿತು. ಅದನ್ನು ಕೇಳಿದ ಹೆಂಡತಿಯ ತಮ್ಮ ಶೆಟ್ಟೆಪ್ಪ, ವಿಜಯಪುರದ ಬಟ್ಟೆ ಅಂಗಡಿಗೆ ಬೀಗ ಜಡಿದು, ಹೆಂಡತಿ ಮಹಾದೇವಿಯನ್ನು ಕರೆದುಕೊಂಡು ಬಂದೇಬಿಟ್ಟ. ಗಿರಗಾಂವ್‌ನಲ್ಲಿ ರಜೆಗೆ ಬಂದವರಿಗೆಂದೇ ಬಾಡಿಗೆಗೆ ಕೊಡುವ ಫ್ಲ್ಯಾಟು ಹಿಡಿದು ಫೋನು ಮಾಡಿದ.

"ಮಾವಾರ, ಐತವಾರ ಮುಂಜಾನೆ ಅಕ್ಕನ್ನ ಕರಕೊಂಡು ಬರ್ರಿ. ಹಳೇ ಮುಂಬಯಿ ನಡಕೋತ ನೋಡೂಣು. ನೀವ ತೋರಸಬೇಕು."

ಶಂಕ್ರೆಪ್ಪನಿಗೆ ಗೊತ್ತಿದ್ದ ಮುಂಬಯಿ ಜೋಗೇಶ್ವರಿಯ ಮನೆಯಿಂದ ಅಂಧೇರಿಯ ಆಫೀಸಿನವರೆಗೆ, ಅಂದರೆ ಲೋಕಲ್‌ನಲ್ಲಿ ಒಂದೇ ಸ್ಟೇಷನ್. ಆ ಒಂದು ಸ್ಟೇಷನ್ನಿನ ದಾರಿಯಲ್ಲೂ ಆತ ಮುಂದೆ ನಿಂತವರ ಬೆನ್ನು ಬಿಟ್ಟು ಬೇರೇನನ್ನೂ ನೋಡಿದವನಲ್ಲ. ಅಂಗೈ ಅಂದದ್ದು ಸುಳ್ಳೇನಲ್ಲ, ಸರಿಯಾಗಿ ಅಷ್ಟೇ ಅಗಲ ಎಂದು ತನ್ನನ್ನು ತಾನೇ ಹಂಗಿಸಿಕೊಂಡ.

ಭಾನುವಾರ ಮದುವೆ ಮೆರವಣಿಗೆಯ ಕುದುರೆಯಂತೆ ಎಲ್ಲರಿಗಿಂತ ಮುಂದೆ ಹೆಜ್ಜೆ ಹಾಕಿದ. ಮೊದಲ ಓಣಿಯಲ್ಲಿ ಅವನು ಹೇಳಿದ ಇತಿಹಾಸದಲ್ಲಿ ಒಂದೂ ತಪ್ಪಿರಲಿಲ್ಲ. "ಇದು ಭಾಳ ಹಳೇದು" ಎಂದಿದ್ದ. ಎರಡನೇ ಓಣಿಯಲ್ಲೂ ಅದನ್ನೇ ಹೇಳಿದ. ಮೂರನೆಯದರಲ್ಲಿ ಶೆಟ್ಟೆಪ್ಪ ತಡೆದ.

"ಹಳೇದು ಅಂದ್ರ ಏನ್ರಿ ಮಾವಾರ? ನಾವು ದಿನಾ ಗೋಲಗುಮ್ಮಟದ ಮುಂದ ವಾಕಿಂಗ್ ಹೋಗೋರು. ಇದರಾಗ ಏನರೆ ವಿಶೇಷ ಇದ್ರ ಹೇಳ್ರಿ."

"ಅವರಿಗೇನ್ ಗೊತ್ತೋ ತಮ್ಮಾ!" ಎಂದಳು ಶಂಕ್ರೆಪ್ಪನ ಹೆಂಡತಿ ಇಂದ್ರಾಬಾಯಿ. "ಇವತ್ತ ಇಳಿಯೂ ಸ್ಟೇಷನ್ ಸುದ್ದಾ ನಾನ ಹೇಳೀನಿ."

ಅದು ಚುಚ್ಚಿತು. ಎದುರಿಗೆ ಕೆತ್ತನೆಯ ಕಟ್ಟಿಗೆ ಬಾಲ್ಕನಿಯ ಹಳೇ ಮನೆಯೊಂದು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ನಿಂತಿತ್ತು. ಶಂಕ್ರೆಪ್ಪ ಗಕ್ಕನೆ ನಿಂತು ದನಿ ಇಳಿಸಿದ.

"ಈ ಮನಿ ಮುಂದ ಜೋರಾಗಿ ಮಾತಾಡಬ್ಯಾಡ್ರಿ. ಒಳಗ ಭಾವಿ ಐತಿ. ಒಬ್ಬಾಕಿ ಹೊಸಾ ಸೊಸಿ ಅದಕ್ಕ ಬಿದ್ದು ಸತ್ತಾಳ. ಈಗೂ ಮೆಟ್ಟಲದ ಮ್ಯಾಲೆ ಗೆಜ್ಜಿ ಸಪ್ಪಳ ಕೇಳತೈತಿ."

ಮಹಾದೇವಿ ಗಂಡನ ತೋಳು ಹಿಡಿದಳು. ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಓಣಿ ಸುತ್ತುತ್ತಿದ್ದ ನಾಲ್ಕಾರು ಪ್ರವಾಸಿಗರು ಇವನನ್ನು ಗೈಡ್ ಅಂದುಕೊಂಡು ಸುತ್ತ ನೆರೆದರು. "ಭಾಯ್‌ಸಾಬ್, ಹಿಂದಿ ಮೇ ಬೋಲಿಯೇ ನಾ!"

ಶಂಕ್ರೆಪ್ಪ ಮೊದಲಿನಿಂದ ಶುರು ಮಾಡಿದ. ಕನ್ನಡದಲ್ಲಿ ಒಂದೇ ಇದ್ದ ದೆವ್ವ ಹಿಂದಿಗೆ ಬರುವಷ್ಟರಲ್ಲಿ ಮೂರಾಗಿತ್ತು. ಗುಂಪಿನ ಹಿಂದೆ ನಿಂತಿದ್ದ ಗಂಡ ಹೆಂಡತಿ ಇಬ್ಬರು ಮುಖ ಮುಖ ನೋಡಿಕೊಂಡು ಸರಸರ ಹೊರಟೇ ಹೋದರು. ಅವರ ಜೊತೆಗಿದ್ದ ದಪ್ಪ ಮನುಷ್ಯ "ಅರೇ ಸಾಬ್, ಸುನಿಯೇ ತೋ!" ಎನ್ನುತ್ತ ಬೆನ್ನಟ್ಟಿದ. ನನ್ನ ನಾಲಿಗೆಗೆ ಇಷ್ಟು ಶಕ್ತಿಯೇ ಎಂದು ಶಂಕ್ರೆಪ್ಪ ಪೂರಿಯಂತೆ ಉಬ್ಬಿದ.

ಆಗ ಮೇಲಿನ ಕಿಟಕಿ ಕಿರ್ರೆಂದು ತೆರೆಯಿತು. ಬಿಳಿಕೂದಲಿನ ತಲೆಯೊಂದು ಹೊರಗೆ ಬಂತು. ಪ್ರವಾಸಿಗರು ಕಿರುಚಿ ಚೆಲ್ಲಾಪಿಲ್ಲಿಯಾದರು. ಶಂಕ್ರೆಪ್ಪನೂ ಓಡುತ್ತಿದ್ದ, ಆದರೆ ತಾನೇ ಹುಟ್ಟಿಸಿದ ದೆವ್ವಕ್ಕೆ ಹೆದರಿ ಅವನ ಕಾಲುಗಳೇ ಏಳಲಿಲ್ಲ. ಮುದುಕಿ ಕೆಳಗಿಳಿದು ಬಂದು ಅವನ ಮುಂಗೈ ಹಿಡಿದಳು. "ಊಪರ್ ಚಲೋ!"

"ಇಂದ್ರಾ, ಈಕಿ ಪೊಲೀಸರ್ನ ಕರೀತಾಳ, ಓಡು!"

"ಯಾಕ ಓಡಬೇಕು? ಎಲ್ಲಾರೂ ಬರ್ರಿ," ಎಂದಳು ಮುದುಕಿ ಅಚ್ಚ ಕನ್ನಡದಲ್ಲಿ. "ನನ್ನ ತವರಮನಿ ಬೆಳಗಾವಿ."

ಮೇಲೆ ಅವನನ್ನು ತೂಗುಮಂಚದ ಮೇಲೆ ಕೂಡಿಸಿದಳು. ಅವನು ನಡುಗುತ್ತಿದ್ದನೋ ಮಂಚ ತೂಗುತ್ತಿತ್ತೋ ಅವನಿಗೇ ತಿಳಿಯಲಿಲ್ಲ. ಬೆವರೊರೆಸಿ ಕೈ ಮುಗಿದ. "ತಪ್ಪಾತ್ರಿ ಆಯಿ. ಇಲ್ಲೆ ದೆವ್ವ ಇಲ್ಲ, ಭಾವಿ ಇಲ್ಲ. ನಾ ಜೋಗೇಶ್ವರಿಯಾಂವ, ನನಗ ಮುಂಬಯಿ ಏನೇನೂ ಗೊತ್ತಿಲ್ಲ."

ಮುದುಕಿ ಎಲ್ಲರಿಗೂ ಚಹಾ ಕೊಟ್ಟಳು.

"ದೆವ್ವ ಇಲ್ಲಂತ ನನಗ ಗೊತ್ತಿಲ್ಲೇನು? ಮದುವಿ ಆದಾಗಿಂದ ಇಲ್ಲೇ ಅದೀನಿ. ಆ ದಪ್ಪನ್ನಾಂವ ದಲಾಲ. ನನ್ನ ಮೈದುನನ ಮಕ್ಕಳು ಈ ಮನಿ ಮಾರಬೇಕಂತ ಪ್ರತಿ ಐತವಾರ ಗಿರಾಕಿ ಕಳಸ್ತಾರ. ನಾ ಅತ್ತು ನೋಡಿದೆ, ಬೈದು ನೋಡಿದೆ, ಯಾರೂ ಹೆದರಲಿಲ್ಲ. ಇವತ್ತಿನವರು ನಿಮ್ಮ ಮಾತು ಕೇಳಿ ಓಡಿದ್ರು."

ಶಂಕ್ರೆಪ್ಪನಿಗೆ ಉಸಿರು ಬಂತು. ಜೀವನದಲ್ಲಿ ಮೊದಲ ಸಲ ತನ್ನಿಂದ ಯಾರಿಗೋ ಉಪಕಾರವಾಗಿದೆ. ಇಷ್ಟಕ್ಕೇ ಎದ್ದುಬಿಡುವುದು ಕ್ಷೇಮವೆಂದು ಏಳಹೋದ.

"ಮುಂದಿನ ಐತವಾರ ಮತ್ತೊಬ್ರು ಬರಾವ್ರಿದ್ದಾರ. ನೀವೂ ಬರಬೇಕು."

"ಆಯಿ, ಜೋಗೇಶ್ವರಿ ದೂರ ಆಕ್ಕೈತ್ರಿ. ವಾರಕ್ಕ ಒಂದ ರಜಾ..."

"ಬರ್ತಾರ ಬಿಡ್ರಿ ಆಯಿ," ಇಂದ್ರಾಬಾಯಿ ಬಸಿಯಲ್ಲಿದ್ದ ಚಹಾ ಸೊರ್ರನೆ ಹೀರಿ ಮುಗಿಸಿದಳು. "ಮನ್ಯಾಗಿದ್ರೂ ಬರೇ ಮಲಗೂದು."

"ಮಾವಾರ, ಸುಳ್ಳಾದ್ರೂ ಎಷ್ಟ ಚಂದ ಹೇಳ್ತೀರಿ!" ಎಂದ ಶೆಟ್ಟೆಪ್ಪ ಹೆಮ್ಮೆಯಿಂದ.

ಬಾಗಿಲವರೆಗೆ ಕಳಿಸಬಂದ ಮುದುಕಿ ಶಂಕ್ರೆಪ್ಪನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು: "ಗೆಜ್ಜಿ ಸಪ್ಪಳ ಒಂದ ಸಾಲೂದಿಲ್ಲ, ಒಂದು ಕೂಸಿನ ಅಳೂ ಸೇರಸ್ರಿ. ಮತ್ತ ಹಿಂದಿ ಸ್ವಲ್ಪ ಕಲಕೊಂಡು ಬರ್ರಿ, ಕತಿಯಾಗ ದೆವ್ವ ಬಂದಾಗ ನಿಮ್ಮ ಹಿಂದಿ ಕೇಳಿ ಇಬ್ಬರು ನಕ್ಕರು."